ಅಮಾವಾಸ್ಯೆ ಸರ್ವಿಸ್

ದೊಡ್ಡಬಳ್ಳಾಪುರದ ಆದಿನಾರಾಯಣಪ್ಪನವರ ಮನೆಯಲ್ಲಿ ದೇವರ ಕೋಣೆಗೆ ಹೋಗುವವರು ಕಾಲು ತೊಳೆದರೆ ಸಾಕಿತ್ತು. ಕಂಪ್ಯೂಟರ್ ಕೋಣೆಗೆ ಹೋಗುವವರು ಕಾಲು ತೊಳೆದ ಮೇಲೆ ಮೂಗನ್ನೂ ತೋರಿಸಬೇಕಿತ್ತು. ನೆಗಡಿಯಾದವರಿಗೆ ಪ್ರವೇಶವಿರಲಿಲ್ಲ. ತೊಂಬತ್ತಮೂರರ ಜೂನ್‌ನಲ್ಲಿ ಯಂತ್ರ ಮನೆಗೆ ಬಂದಾಗಿನಿಂದ ಯಜಮಾನರ ಹೆಂಡತಿ ವರಲಕ್ಷ್ಮಮ್ಮ ಆ ಹೊಸ್ತಿಲು ದಾಟಿರಲಿಲ್ಲ. ಅವರಿಗೆ ನೂಲಿನ ಧೂಳಿಗೆ ವರ್ಷವಿಡೀ ಸೀನು.

ಹಿತ್ತಲಿನ ಶೆಡ್ಡಿನಲ್ಲಿ ಆರು ಪವರ್‌ಲೂಮ್ ಮಗ್ಗಗಳು ಓಡುತ್ತಿದ್ದವು. ಆ ಧೂಳು ಒಳಗೆ ಬಾರದಿರಲೆಂದು ಕಂಪ್ಯೂಟರ್ ಕೋಣೆಯ ಕಿಟಕಿಗಳಿಗೆ ರಟ್ಟು ಬಡಿದಿದ್ದರು. ಯಂತ್ರದ ಮೇಲೆ ಒಂದು ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಒಂದು ಪಂಚೆ, ಅದರ ಮೇಲೆ ಜರಿ ಕಿತ್ತ ಹಳೆಯ ರೇಷ್ಮೆ ಸೀರೆ. ಸೊಸೆ ಅರುಣಾ ಕೆಲಸಕ್ಕೆ ಕೂರುವ ಮೊದಲು ಮೂರನ್ನೂ ತೆಗೆದು ಮಡಿಸಿಡಬೇಕು; ಎದ್ದಾಗ ಮೂರನ್ನೂ ಹೊದಿಸಬೇಕು. ಮದುವೆಯ ದಿನ ತನಗೂ ಯಾರೂ ಇಷ್ಟು ಉಡಿಸಿರಲಿಲ್ಲ ಎಂದು ಅವಳು ಒಮ್ಮೆ ಗಂಡ ಕುಮಾರನಿಗೆ ಹೇಳಿದ್ದಳು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಕುಮಾರ, ಅಪ್ಪನಿಗೆ ಕೇಳಿಸೀತೆಂದು ನಗುವುದನ್ನು ನಾಳೆಗೆ ಇಟ್ಟುಕೊಂಡಿದ್ದ.

ಎಲ್ಲ ಕಟ್ಟಳೆಗಳಿಗಿಂತ ದೊಡ್ಡದು ಫ್ಲಾಪಿಯದು. ಒಂದು ಕಂಪ್ಯೂಟರಿನ ಕೆಲಸವನ್ನು ಇನ್ನೊಂದಕ್ಕೆ ಸಾಗಿಸುವ, ಅಂಗೈಗಿಂತ ತುಸು ದೊಡ್ಡದಾದ ಆ ಕರಿ ಚೌಕದ ಮೂಲಕವೇ ವೈರಸ್ ಬರುವುದೆಂದು ಆದಿನಾರಾಯಣಪ್ಪನವರಿಗೆ ತಿಳಿದವರು ತಿಳಿಸಿದ್ದರು. ಆದ್ದರಿಂದ ಮನೆಯೊಳಗೆ ಫ್ಲಾಪಿ ಬರುವಂತಿರಲಿಲ್ಲ. ಮನೆಯಲ್ಲಿ ಫ್ಲಾಪಿ ಇರುವಂತೆಯೂ ಇರಲಿಲ್ಲ. ಯಂತ್ರದ ಜೊತೆಯಲ್ಲೇ ಬಂದ, ಅದನ್ನು ಎಬ್ಬಿಸಿ ಕೂರಿಸಬಲ್ಲ ಒಂದೇ ಒಂದು ಫ್ಲಾಪಿ ಬೀರುವಿನಲ್ಲಿ ಕಾಗದದ ಲಕೋಟೆಯೊಳಗೆ ಬೀಗದ ಹಿಂದೆ ಕೂತಿತ್ತು.

ಈ ಕಟ್ಟಳೆಯ ಫಲವನ್ನು ಉಣ್ಣುತ್ತಿದ್ದವಳು ಅರುಣಾ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಮಗ್ಗದ ಮನೆಗೆ ಬಂದವಳು, ಸೀರೆಯ ಅಂಚು ಮತ್ತು ಸೆರಗಿನ ಡಿಸೈನ್‌ಗಳನ್ನು ಕಂಪ್ಯೂಟರಿನಲ್ಲಿ ಚುಕ್ಕಿ ಚುಕ್ಕಿಯಾಗಿ ಬರೆಯುವುದನ್ನು ತಾನೇ ಕಲಿತಿದ್ದಳು. ಒಂಬತ್ತು ತಿಂಗಳಲ್ಲಿ ಮೂವತ್ತೆಂಟು. ಕಾರ್ಡು ಹೊಡೆಯುವ ಪಾಪಯ್ಯ ಶನಿವಾರ ಬಂದು ತೆರೆಯ ಮುಂದೆ ಕೂತು, ಚುಕ್ಕಿ ಎಣಿಸಿ ಗ್ರಾಫ್ ಹಾಳೆಗೆ ಇಳಿಸಿಕೊಂಡು, ಮನೆಯಲ್ಲಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ತರುತ್ತಿದ್ದ. ಆ ಕಾರ್ಡುಗಳ ಸರವನ್ನು ಮಗ್ಗದ ನೆತ್ತಿಯಲ್ಲಿರುವ ಜಕಾರ್ಡಿಗೆ ಏರಿಸಿದರೆ ಮಗ್ಗ ಅದನ್ನು ಓದಿ ನೇಯುತ್ತಿತ್ತು. ಪಾಪಯ್ಯನದು ನಿಧಾನದ ಕೈ. ಹದಿನಾಲ್ಕು ಡಿಸೈನ್‌ಗಳಿಗೆ ಮಾತ್ರ ಕಾರ್ಡು ಆಗಿತ್ತು. ಉಳಿದ ಇಪ್ಪತ್ನಾಲ್ಕು ಆ ಕಂಪ್ಯೂಟರ್ ಪೆಟ್ಟಿಗೆಯ ಒಳಗೆ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ. ಮನೆಯವರಿಗೆ ಅದು ಡಬ್ಬಿಯಲ್ಲಿಟ್ಟ ಚಕ್ಕುಲಿಯಷ್ಟು ಭದ್ರವಾಗಿ ಕಾಣುತ್ತಿತ್ತು. ಅರುಣಾ ಮಾತ್ರ ಕರೆಂಟು ಹೋಗಿ ಬಂದಾಗಲೆಲ್ಲ ಒಂದೊಂದನ್ನೂ ತೆರೆದು ಎಣಿಸಿಕೊಳ್ಳುತ್ತಿದ್ದಳು.

ಈ ಊರಿನ ಮಗ್ಗಗಳಿಗೆ ಅಮಾವಾಸ್ಯೆ ರಜೆ. ಅವತ್ತು ಮಗ್ಗ ಝಾಡಿಸಿ, ಎಣ್ಣೆ ಬಿಟ್ಟು, ಪೂಜೆ ಮಾಡುತ್ತಾರೆ. ಕಂಪ್ಯೂಟರೂ ಯಂತ್ರವೇ ಆದ್ದರಿಂದ ಅದರ ಸರ್ವಿಸೂ ಅಮಾವಾಸ್ಯೆಯ ದಿನವೇ. ಬಸ್ ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದ ಶಶಿಕುಮಾರ್ ಅವತ್ತು ಬೆಳಗಿನಿಂದ ಒಂಬತ್ತು ಮನೆ ಸುತ್ತುತ್ತಿದ್ದ. ಊರಿನಲ್ಲಿ ಮನೆಗಳಲ್ಲಿದ್ದ ಕಂಪ್ಯೂಟರುಗಳೇ ಒಂಬತ್ತು. ಜನ ಅವನನ್ನು ಡಾಕ್ಟರು ಎನ್ನುತ್ತಿದ್ದರು. ಅವನೂ ಓ ಎನ್ನುತ್ತಿದ್ದ. ಒಂಬತ್ತು ಮನೆಗೂ ಅವನ ಬಳಿ ಇದ್ದದ್ದು ಒಂದೇ ಫ್ಲಾಪಿ. ವೈರಸ್ ಹುಡುಕುವ ಪ್ರೋಗ್ರಾಂ ಅದರಲ್ಲಿತ್ತು. ಅದಕ್ಕೆ ಲಕೋಟೆ ಇರಲಿಲ್ಲ. ಅಂಗಿಯ ಜೇಬಿನಲ್ಲಿ ಬಸ್ ಟಿಕೆಟ್ಟು, ಬಾಚಣಿಗೆಗಳ ಜೊತೆ ಇರುತ್ತಿತ್ತು. ಆದಿನಾರಾಯಣಪ್ಪನವರ ಕಟ್ಟಳೆಗಳಲ್ಲಿ ಒಂದೂ ಅವನಿಗೆ ಅನ್ವಯಿಸುತ್ತಿರಲಿಲ್ಲ. ಫೆಬ್ರವರಿಯ ಅಮಾವಾಸ್ಯೆಗೆ ಅವನು ಕೆಮ್ಮುತ್ತಲೇ ಒಳಗೆ ಬಂದ.

"ಡಾಕ್ಟ್ರೇ, ಒಂದ್ ಮಾತು," ಎಂದಳು ಅರುಣಾ. "ನಿಮ್ಮ ಫ್ಲಾಪಿ ಅಂಚಲ್ಲಿ ಈ ಕಚ್ಚು ತೆಗೆದಿದ್ಯಲ್ಲ, ಇದನ್ನ ಸ್ಟಿಕರ್ ಹಾಕಿ ಮುಚ್ಚಿದ್ರೆ ಮಿಷನ್ನು ಅದನ್ನ ಓದುತ್ತೆ, ಆದ್ರೆ ಅದರ ಮೇಲೆ ಏನೂ ಬರೆಯಕ್ಕಾಗಲ್ಲ ಅಂತ ಪುಸ್ತಕದಲ್ಲಿದೆ. ಎಲ್ಲಾ ಮನೇಲೂ ಇದೇ ಹಾಕ್ತೀರ. ಮುಚ್ಕೊಂಡ್ರೆ ಒಳ್ಳೇದಲ್ವಾ?"

ಶಶಿಕುಮಾರ್ ಉಪ್ಪಿಟ್ಟಿನ ತಟ್ಟೆಯಿಂದ ತಲೆ ಎತ್ತಲಿಲ್ಲ. "ಮೇಡಂ, ಸ್ಟೆತಾಸ್ಕೋಪ್‌ಗೆ ಯಾರಾದ್ರೂ ಮಾಸ್ಕ್ ಹಾಕ್ತಾರಾ?"

ಆದಿನಾರಾಯಣಪ್ಪ ತೊಡೆ ತಟ್ಟಿ ನಕ್ಕರು. "ನೋಡಮ್ಮ, ಹೆಂಗ್ ಹೇಳ್ದ! ಡಾಕ್ಟ್ರಿಗೇ ಪಾಠನಾ? ಇನ್ನೊಂದ್ ಸ್ವಲ್ಪ ಉಪ್ಪಿಟ್ಟು ತಂದ್ಹಾಕು."

ಅರುಣಾ ಉಪ್ಪಿಟ್ಟು ತಂದು ಹಾಕಿದಳು. ಶಶಿಕುಮಾರ್ ಫ್ಲಾಪಿ ತೂರಿಸಿ ನಾಲ್ಕು ಗುಂಡಿ ಒತ್ತಿದ, ತೆರೆಯ ಮೇಲೆ ಓಡಿದ ಸಾಲುಗಳನ್ನು ನಾಡಿ ಹಿಡಿದವನ ಗಾಂಭೀರ್ಯದಿಂದ ನೋಡಿದ, ಕೆಮ್ಮಿದ, "ಕ್ಲೀನ್" ಎಂದ, ಫ್ಲಾಪಿಯನ್ನು ಬಾಚಣಿಗೆಯ ಪಕ್ಕಕ್ಕೆ ಸೇರಿಸಿ ಐದನೆಯ ಮನೆಗೆ ಹೊರಟ.

ಎಂಟು ದಿನಗಳ ಮೇಲೆ ಅರುಣಾಳ ತಂಗಿ ವಾಣಿ ಬೆಂಗಳೂರಿನಿಂದ ಬಂದವಳು, ಬ್ಲೌಸ್ ಪೀಸಿನ ಮಡಿಕೆಯಲ್ಲಿ ಒಂದು ಫ್ಲಾಪಿ ತಂದಳು. ಅವಳ ಆಫೀಸಿನದು, ಹೂಬಳ್ಳಿಗಳ ಚಿತ್ರಗಳಿದ್ದವು. "ಅಕ್ಕಾ, ನೋಡ್ಕೊಂಡು ನಾಡಿದ್ದು ವಾಪಸ್ ಕೊಡು. ಅದರ ಮೇಲೆ ಏನೂ ಬರೀಬೇಡ ಕಣೇ, ನನ್ ಕೆಲ್ಸ ಹೋಗುತ್ತೆ." ಮಾವ ಸಹಕಾರ ಸಂಘದ ಮೀಟಿಂಗಿಗೆ ಹೋಗಿದ್ದ ಹೊತ್ತು. ಬರೆಯುವ ಕಚ್ಚನ್ನು ಮುಚ್ಚಲು ಮನೆಯಲ್ಲಿ ಸ್ಟಿಕರ್ ಎಲ್ಲಿಂದ ಬರಬೇಕು? ಅರುಣಾ ತನ್ನ ಕುಂಕುಮ ಬಣ್ಣದ ದೊಡ್ಡ ಬಿಂದಿಯನ್ನೇ ಹಣೆಯಿಂದ ಕಿತ್ತು ಮಡಚಿ ಅಂಟಿಸಿದಳು. ಫ್ಲಾಪಿ ತೂರಿಸಿ, ಅದರಲ್ಲಿ ಏನೇನಿದೆ ಎಂಬ ಪಟ್ಟಿಯನ್ನಷ್ಟೇ ಕೇಳಿದಳು.

ಯಂತ್ರ ಪಟ್ಟಿ ಕೊಡಲಿಲ್ಲ. ಈ ಫ್ಲಾಪಿ ಮುಚ್ಚಿದೆ, ಬರೆಯಲಾಗುತ್ತಿಲ್ಲ ಎಂದು ದೂರಿತು.

ಅರುಣಾ ಕೈಯನ್ನು ಗುಂಡಿಗಳಿಂದ ಹಿಂದಕ್ಕೆ ತೆಗೆದಳು. ಅವಳು ಬರೆಯಲು ಹೇಳಿರಲಿಲ್ಲ. ಹೇಳದಿದ್ದರೂ ಬರೆಯಲು ಹೊರಟಿದ್ದು ಯಾರು? ಮತ್ತೆ ಕೇಳಿದಳು, ಮತ್ತೆ ಅದೇ ದೂರು. ಫ್ಲಾಪಿಯ ದೋಷವಿದ್ದರೂ ಇರಬಹುದು. ಅತ್ತೆಯಿಂದ ಬೀಗದ ಕೈ ಕೇಳಿ ಬೀರುವಿನ ಫ್ಲಾಪಿ ತಂದಳು. ಅದು ಬಂದಾಗಿನಿಂದ ಮುಚ್ಚಿಕೊಂಡೇ ಇತ್ತು. ಯಾವ ಮನೆಯನ್ನೂ ಸುತ್ತಿರಲಿಲ್ಲ. ಅದರಿಂದ ಯಂತ್ರವನ್ನು ಎಬ್ಬಿಸಿ ಕೇಳಿದಾಗ ವಾಣಿಯ ಫ್ಲಾಪಿಯ ಪಟ್ಟಿ ಸದ್ದಿಲ್ಲದೆ ಬಂತು. ಯಂತ್ರವನ್ನು ಅದರ ಪಾಡಿಗೆ ತಾನೇ ಏಳಲು ಬಿಟ್ಟರೆ ದೂರು. ಮೂರು ಸಲ ಹೀಗೆ, ಮೂರು ಸಲ ಹಾಗೆ ಮಾಡಿ, ಕಾಲೇಜಿನ ಪ್ರಯೋಗದ ಪುಸ್ತಕದಲ್ಲಿ ಬರೆಯುತ್ತಿದ್ದಂತೆ ಡೈರಿಯ ಹಾಳೆಯಲ್ಲಿ ಎರಡು ಕಾಲಂ ಬರೆದಳು. ಯಂತ್ರದ ಒಳಗೆ ಏನೋ ಕೂತಿದೆ. ಬಂದ ಫ್ಲಾಪಿಗೆಲ್ಲ ತನ್ನನ್ನು ಅಂಟಿಸಲು ನೋಡುತ್ತಿದೆ. ಈ ಮನೆಯ ಯಂತ್ರದ ಬಾಯಿಗೆ ಇದಕ್ಕೆ ಮೊದಲು ಒಂಬತ್ತು ತಿಂಗಳಲ್ಲಿ ಹೊರಗಿನಿಂದ ಹೋಗಿದ್ದು ಒಂದೇ ಫ್ಲಾಪಿ, ಡಾಕ್ಟರದು. ಅದರ ಕಚ್ಚು ತೆರೆದೇ ಇತ್ತು.

ಸಂಜೆ ಅವಳು ಮಾವನಿಗೆ ಡೈರಿ ತೋರಿಸಿದಳು. ಅವರು ಎರಡು ಕಾಲಂಗಳನ್ನೂ ಕನ್ನಡಕ ಹಾಕಿ ಓದಿದರು. ಅರ್ಥವಾಗದ್ದನ್ನು ಅರ್ಥವಾದವರಂತೆ ಓದುವುದು ಸಂಘದ ನಿರ್ದೇಶಕರಾಗಿ ಅವರಿಗೆ ರೂಢಿಯಾಗಿತ್ತು. ಮರುದಿನ ಶಶಿಕುಮಾರ್‌ಗೆ ಕರೆ ಹೋಯಿತು. ಅವನು ಬಂದ, ಬಿಂದಿ ಅಂಟಿದ ಫ್ಲಾಪಿಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ.

"ಯಜಮಾನ್ರೇ, ಇದು ಯಾವೂರಿಂದು?"

"ಬೆಂಗ್ಳೂರಿಂದು," ಎಂದರು ಆದಿನಾರಾಯಣಪ್ಪ, ಬೀಗರ ಕಡೆಯ ತಪ್ಪನ್ನು ಒಪ್ಪಿಕೊಳ್ಳುವವರಂತೆ.

"ಮುಗೀತಲ್ಲ. ವೈರಸ್ ಅಲ್ಲಿಂದ್ಲೇ ಬಂದೈತೆ. ನಾನ್ ಕ್ಲೀನ್ ಅಂದ್ಬಿಟ್ ಹೋಗಿ ಎಂಟ್ ದಿವ್ಸಕ್ಕೆ ಮಿಷನ್ನು ಹಿಂಗಾಗೈತೆ ಅಂದ್ರೆ, ಮಧ್ಯದಲ್ಲಿ ಬಂದಿದ್ಯಾರು? ಮೇಡಂ ಬೊಟ್ಟು."

"ಮುಚ್ಚಿರೋ ಫ್ಲಾಪಿ ರೋಗ ತಗೊಳಲ್ಲ," ಎಂದಳು ಅರುಣಾ. "ರೋಗ ಅದರಲ್ಲೇ ಇದ್ದಿದ್ರೆ ಬೀರು ಫ್ಲಾಪಿಯಿಂದ ಎಬ್ಬಿಸ್ದಾಗ್ಲೂ ತೊಂದ್ರೆ ಬರ್ಬೇಕಿತ್ತಲ್ಲ? ಯಾಕೆ ಬರ್ಲಿಲ್ಲ? ಅಷ್ಟು ಹೇಳಿ ಸಾಕು."

"ಮೇಡಂ, ಒಂಬತ್ತು ಮನೆ ನೋಡ್ತೀನಿ ನಾನು. ಎಂಟು ಮನೇಲಿ ಒಬ್ರೂ ಒಂದ್ ಪ್ರಶ್ನೆ ಕೇಳಿಲ್ಲ."

ಆದಿನಾರಾಯಣಪ್ಪ ಮನಸ್ಸಿನಲ್ಲೇ ತೂಗಿ ನೋಡಿದರು. ಎಂಟು ಮನೆ ಒಂದು ಕಡೆ, ಸೊಸೆ ಒಂದು ಕಡೆ. ವಾಣಿಯ ಫ್ಲಾಪಿ ಸಾಕ್ಷಿಯೆಂದು ಶಶಿಕುಮಾರ್‌ನ ಜೇಬು ಸೇರಿತು. ವಾಣಿ ಅದಕ್ಕಾಗಿ ಆಫೀಸಿನಲ್ಲಿ ಏನು ಕೇಳಿಸಿಕೊಂಡಳೋ, ಆಮೇಲೆ ಒಂದು ತಿಂಗಳು ಅಕ್ಕನಿಗೆ ಫೋನ್ ಮಾಡಲಿಲ್ಲ.

"ಈಗೇನ್ ಮಾಡೋದಪ್ಪಾ?" ಎಂದು ಕೇಳಿದರು ಯಜಮಾನರು.

"ಫಾರ್ಮ್ಯಾಟು. ಪೂರ್ತಿ ತೊಳೆದ್ಬಿಡೋದು. ಫಸ್ಟ್ ದಿನ ಹೆಂಗ್ ಬಂದಿತ್ತೋ ಹಂಗ್ ಮಾಡ್ಕೊಡ್ತೀನಿ. ಬರೋ ಅಮಾವಾಸ್ಯೆಗೆ."

ತೊಳೆಯುವುದು ಎಂಬ ಮಾತು ಕೇಳಿ ಆದಿನಾರಾಯಣಪ್ಪನವರ ಮುಖ ಅರಳಿತು. ಅರುಣಾ ನಡುವೆ ಬಾಯಿ ಹಾಕಿದಳು.

"ಮಾವ, ಫಾರ್ಮ್ಯಾಟ್ ಅಂದ್ರೆ ನನ್ ಡಿಸೈನ್ ಎಲ್ಲಾ ಹೋಗ್ಬಿಡ್ತವೆ. ಇಪ್ಪತ್ನಾಲ್ಕು. ಹೊಸ ಫ್ಲಾಪಿ ಒಂದ್ ಬಾಕ್ಸ್ ತರ್ಸಿ, ಮೊದ್ಲು ಅವನ್ನ ಕಾಪಿ ಮಾಡ್ಕೊಂಡ್ಬಿಡ್ತೀನಿ."

"ಫ್ಲಾಪಿನಾ? ಇಷ್ಟಾದ್ಮೇಲೂ?" ಮಾವ ಕೋಪಿಸಿಕೊಳ್ಳಲಿಲ್ಲ, ತಿಳಿಯದವರಿಗೆ ಹೇಳಿಕೊಡುವ ಧ್ವನಿಯಲ್ಲಿ ಹೇಳಿದರು. "ಕೇಳಮ್ಮ ಇಲ್ಲಿ. ನಲವತ್ ವರ್ಷದಿಂದ ಮಗ್ಗ ಝಾಡಿಸ್ತಿದೀನಿ. ಎಣ್ಣೆ ಬಿಟ್ಟಿದೀನಿ, ಬಿಚ್ಚಿದೀನಿ, ಕೂಡಿಸಿದೀನಿ. ಒಂದ್ ದಿನಾನಾದ್ರೂ ಡಿಸೈನ್ ಹೋಗೈತಾ? ಡಿಸೈನು ಮಿಷನ್ ಒಳಗೆ ಎಲ್ಲಿರ್ತದೆ? ಕಾರ್ಡಲ್ಲಿ ಇರ್ತದೆ. ಮಿಷನ್ನು ಬರೀ ಓದ್ತದೆ. ಎಷ್ಟ್ ಬೇಕಾದ್ರೂ ತೊಳಿ, ಕಾರ್ಡು ಕಾರ್ಡೇ."

"ಇದರ ಕಾರ್ಡು ಹೊರಗಡೆ ಇಲ್ಲ ಮಾವ. ಫ್ಲಾಪಿನೇ ಇದರ ಕಾರ್ಡು. ಅದನ್ನ ನೀವು ಮನೆಗೇ ಸೇರಿಸ್ಲಿಲ್ಲ."

"ಜಕಾರ್ಡ್ ಕಟ್ಟಿರೋನಿಗೇ ಕಾರ್ಡ್ ವಿಷ್ಯ ಹೇಳ್ಬೇಡಮ್ಮ," ಎಂದು ಅವರು ಎದ್ದು, ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು.

ತೊಳೆಯುವ ದಿನ ಇಪ್ಪತ್ತು ದಿನ ದೂರವಿತ್ತು. ಅರುಣಾ ಕುಮಾರನಿಗೆ ಹೇಳಿದಳು. "ಅಪ್ಪನ ಹತ್ರ ಮಾತಾಡ್ತೀನಿ, ಟೈಮ್ ನೋಡ್ಕೊಂಡು," ಎಂದ ಕುಮಾರ. ಅವನ ಟೈಮು ಮೊದಲ ವಾರ ಬೆಳಗಿನ ಪಾಳಿಯಾದ್ದರಿಂದ ಬರಲಿಲ್ಲ, ಎರಡನೆಯ ವಾರ ಮಧ್ಯಾಹ್ನದ ಪಾಳಿಯಾದ್ದರಿಂದ ಬರಲಿಲ್ಲ. ಈ ಮಧ್ಯೆ ಆದಿನಾರಾಯಣಪ್ಪ ಸಂಘದಲ್ಲೂ ಟೀ ಅಂಗಡಿಯಲ್ಲೂ ಸುದ್ದಿ ಹರಡಿದರು: ಊರಿನಲ್ಲೇ ಮೊದಲ ಬಾರಿಗೆ, ನಮ್ಮ ಮನೆಯ ಕಂಪ್ಯೂಟರಿಗೆ ಪೂರ್ತಿ ಫಾರ್ಮ್ಯಾಟು. ಉಳಿದ ಎಂಟು ಮನೆಯವರಿಗೆ ತಮ್ಮ ಯಂತ್ರಗಳು ಕೊಳಕಾಗಿ ಕಾಣತೊಡಗಿದವು.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಅರುಣಾ ಮಾವನ ಮುಂದೆ ಕಾಫಿ ಇಟ್ಟು ಹೇಳಿದಳು, "ಮಾವ, ತೊಳೆಯೋಕ್ ಮುಂಚೆ ನಿಮ್ಮ ಹಂಸದ ಸೆರಗು ಒಂದ್ಸಲ ನೋಡ್ಕೋಬೇಡ್ವಾ?"

ಹಂಸದ ಸೆರಗು ಯಜಮಾನರ ಸ್ವಂತ ಕಲ್ಪನೆ. ಎರಡು ಹಂಸಗಳು ಕೊಕ್ಕಿನಲ್ಲಿ ಹಿಡಿದ ಪಟ್ಟಿಯ ಮೇಲೆ ‘ಆದಿನಾರಾಯಣಪ್ಪ ಅಂಡ್ ಸನ್ಸ್’. ಮಗ ಇದ್ದದ್ದು ಒಬ್ಬನೇ. ಆದರೆ ಸನ್ ಎಂದರೆ ತೂಕ ಬರುವುದಿಲ್ಲ. ತಂಗಿಯ ಮಗಳು ಹರ್ಷಿತಳ ಮದುವೆಗೆ ಅದನ್ನೇ ನೇಯಿಸಿ, ಬಂದವರೆಲ್ಲ ಸೆರಗು ತಿರುವಿ ಓದುವಂತೆ ಮಾಡಬೇಕೆಂಬುದು ಅವರ ಆಸೆ. ಅದನ್ನು ಬರೆಯಲು ಅರುಣಾಳಿಗೆ ಹನ್ನೊಂದು ದಿನ ಹಿಡಿದಿತ್ತು. ಪಾಪಯ್ಯ ಇನ್ನೂ ಅದಕ್ಕೆ ಕೈ ಹಾಕಿರಲಿಲ್ಲ.

ಅವರು ಬೀಗ ತೆಗೆದರು. ಹಂಸಗಳು ತೆರೆಯ ಮೇಲೆ ಬಂದವು. ಯಜಮಾನರು ಹೆಸರನ್ನು ಎರಡು ಸಲ ಓದಿಕೊಂಡರು.

"ನೋಡಿದ್ರಾ ಮಾವ? ಈಗ ಇದೊಂದನ್ನ ತೊಳೀತೀನಿ." ಅವಳು ಅಳಿಸುವ ಅಪ್ಪಣೆ ಕೊಟ್ಟಳು. ಒಂದು ಗುಂಡಿ ಒತ್ತಿದಷ್ಟೇ ಸದ್ದು.

"ಸರಿ, ತರ್ಸು ಮತ್ತೆ."

"ಎಲ್ಲಿಂದ?"

"ಕಾರ್ಡಿಂದ."

"ಕಾರ್ಡ್ ಎಲ್ಲಿದೆ ಮಾವ?"

ಆದಿನಾರಾಯಣಪ್ಪ ಮೇಜಿನ ಕೆಳಗೆ ಬಗ್ಗಿ ನೋಡಿದರು. ಯಂತ್ರದ ಹಿಂದೆ ವೈರುಗಳನ್ನು ಸರಿಸಿ ನೋಡಿದರು. ಯಾವುದೋ ಸರ ಅಲ್ಲಿ ನೇತಾಡುತ್ತಿರಬೇಕು ಎಂಬಂತೆ ತಲೆಯೆತ್ತಿ ಚಾವಣಿಯನ್ನೂ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತರು.

"ಇಲ್ವಾ?"

"ಇಲ್ಲ ಮಾವ. ಇನ್ನು ಇಪ್ಪತ್ಮೂರಿವೆ. ಅಮಾವಾಸ್ಯೆ ದಿನ ಅವೂ ಹಿಂಗೇ."

ಅವರು ಖಾಲಿ ತೆರೆಯನ್ನು ಬೆರಳಿನಿಂದ ಒಮ್ಮೆ ಒರೆಸಿ ನೋಡಿದರು. ಕೊನೆಗೆ "ಹುಂ" ಎಂದು ಎದ್ದು, ಬೀಗ ಹಾಕಿಕೊಂಡು ಹೋದರು. ಆ ಹುಂಕಾರದಲ್ಲಿ ಏನಿತ್ತೆಂದು ಅರುಣಾಳಿಗೆ ತಿಳಿಯಲಿಲ್ಲ. ಎರಡು ದಿನ ಅವರು ಎಂದಿನಂತೆ ಸಂಘಕ್ಕೆ ಹೋಗಿ ಬಂದರು. ಡಾಕ್ಟರಿಗೆ ಬರಬೇಡ ಎಂದು ಹೇಳಿ ಕಳಿಸಲಿಲ್ಲ. ಹೇಗೆ ಕಳಿಸಿಯಾರು? ಊರಿಗೆಲ್ಲ ಸಾರಿದ್ದಾಗಿತ್ತು. ಸೊಸೆ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಎಂಬ ವಾಕ್ಯವನ್ನು ಆ ಮನೆಯ ಗೋಡೆಗಳು ಅಲ್ಲಿಯವರೆಗೆ ಕೇಳಿರಲಿಲ್ಲ.

ಅಮಾವಾಸ್ಯೆ ಬಂತು, ಶಶಿಕುಮಾರ್ ಬಂದ. ಮಗ್ಗಗಳ ಪೂಜೆ ಆಗಷ್ಟೇ ಮುಗಿದಿತ್ತು; ಪಕ್ಕದ ಮನೆಯವರು, ಫಾರ್ಮ್ಯಾಟು ನೋಡಲು ಬಂದ ಸಂಘದ ಇಬ್ಬರು, ಪಾಪಯ್ಯ, ಎಲ್ಲರೂ ನಡುಮನೆಯಲ್ಲಿದ್ದರು. ಶಶಿಕುಮಾರ್ ಜೇಬಿನಿಂದ ಫ್ಲಾಪಿ ತೆಗೆದ.

"ಶುರು ಮಾಡಾಣ್ವಾ ಯಜಮಾನ್ರೇ? ಇಪ್ಪತ್ ನಿಮಿಷ, ಥಳಥಳ ಅನ್ಬೇಕು ಒಳಗೆ."

ಅರುಣಾ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಇಷ್ಟು ಜನರ ಮುಂದೆ ಏನು ಹೇಳಬೇಕೆಂದು ರಾತ್ರಿಯೆಲ್ಲ ಜೋಡಿಸಿಕೊಂಡಿದ್ದಳು.

"ತಾಳಪ್ಪಾ," ಎಂದರು ಆದಿನಾರಾಯಣಪ್ಪ. "ಮಗ್ಗಕ್ಕಾಯ್ತು, ಲಾಳಿಗಾಯ್ತು, ಕತ್ರಿಗಾಯ್ತು. ನೀನೂ ಕಸುಬುದಾರ. ನಿನ್ನ ಆಯುಧಕ್ಕೊಂದು ಪೂಜೆ ಬೇಡ್ವಾ? ತತ್ತಾ ಇಲ್ಲಿ."

ಫ್ಲಾಪಿ ಅವರ ಕೈಗೆ ಬಂತು. ಅದರ ಮೈಮೇಲೆ ಒಂದು ಉದ್ದನೆಯ ಕಿಟಕಿ ಇರುತ್ತದೆ. ಒಳಗಿನ ತಟ್ಟೆ ಹೊರಗೆ ಇಣುಕುವುದು, ಯಂತ್ರ ಅದನ್ನು ಓದುವುದು ಅಲ್ಲಿಯೇ. ಬೆರಳಿನ ಗುರುತೂ ಅಲ್ಲಿ ತಾಗಬಾರದು. ಯಜಮಾನರು ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳಿನಿಂದ ಆ ಕಿಟಕಿಯ ಅಡ್ಡಕ್ಕೆ ಎಳೆದರು.

"ಯಜಮಾನ್ರೇ! ಅಲ್ಲಿ ಬೇಡ, ಮೂಲೇಲಿ..."

"ಮೂಲೇಲಿ ಪೂಜೆನಾ? ಯಾರಾದ್ರೂ ಕಂಡಿದ್ರೆ ಹೇಳ್ರಪ್ಪಾ."

ಯಾರೂ ಕಂಡಿರಲಿಲ್ಲ. ವಿಭೂತಿಯ ಮೇಲೆ ಗಂಧ, ಗಂಧದ ಮೇಲೆ ಕುಂಕುಮ ಬಂತು. ನಡುವಿನ ತೂತಿನಲ್ಲಿ ಹೆಬ್ಬೆರಳಿಟ್ಟು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ, ಹೊಸದಾಗಿ ಕಂಡ ಭಾಗಕ್ಕೂ ಹಚ್ಚಿದರು. ತಿರುವಿ ಬೆನ್ನಿಗೂ ಹಚ್ಚಿದರು. ಅಕ್ಷತೆ ಹಾಕಿದರು. ಕರ್ಪೂರದ ಮೇಲೆ ಮೂರು ಸಲ ಆಡಿಸಿದಾಗ ಅದರ ಒಂದು ಮೂಲೆ ಮೆಲ್ಲಗೆ ಮುದುಡಿತು. ಶಶಿಕುಮಾರ್‌ನ ಮುಖವೂ ಅದರ ಜೊತೆಗೆ ಮುದುಡಿತು. ಅಮಾವಾಸ್ಯೆಯ ದಿನ, ಸಂಘದವರ ಎದುರಿಗೆ, ಪೂಜೆ ಸಾಕು ಎಂದು ಹೇಳುವ ಧೈರ್ಯ ಒಂಬತ್ತು ಮನೆಯ ಅನ್ನ ತಿನ್ನುವವನಿಗೆ ಇರಲಿಲ್ಲ.

"ತಗಳಪ್ಪಾ," ಎಂದು ಅವರು ಎರಡೂ ಕೈಯಿಂದ ಕೊಟ್ಟರು. "ಈಗ ತೊಳಿ."

ಶಶಿಕುಮಾರ್ ಫ್ಲಾಪಿಯನ್ನು ತಟ್ಟೆಯಂತೆ ಅಡ್ಡಲಾಗಿ ಹಿಡಿದು ನಿಂತ. ಗಂಧ ಬೆರಳಿನ ಸಂದಿಯಿಂದ ತೊಟ್ಟಿಕ್ಕುತ್ತಿತ್ತು. "ಇದು... ಇದು ಒಣಗ್ಬೇಕು ಯಜಮಾನ್ರೇ. ಬರೋ ತಿಂಗ್ಳು ನೋಡಾಣ."

"ಹಂಗಂತೀಯಾ? ನಿನ್ನಿಷ್ಟ. ಡಾಕ್ಟ್ರು ನೀನು," ಎಂದರು ಆದಿನಾರಾಯಣಪ್ಪ, ನಿಜವಾಗಿಯೂ ಬೇಸರವಾದವರಂತೆ. "ಉಪ್ಪಿಟ್ಟಾದ್ರೂ ತಿನ್ಕೊಂಡ್ ಹೋಗು."

ಜನ ಚದುರಿದರು. ಇಂಥ ಭಕ್ತಿ ಈಗಿನ ಕಾಲದಲ್ಲಿ ಅಪರೂಪ ಎಂದು ಸಂಘದ ಇಬ್ಬರೂ ಹೇಳಿಕೊಂಡು ಹೋದರು. ಅರುಣಾ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ರಾತ್ರಿ ಜೋಡಿಸಿಕೊಂಡ ಮಾತಿಗೆ ಈಗ ಕೆಲಸವೇ ಉಳಿದಿರಲಿಲ್ಲ. ಇದು ಮಾವನ ಎಂದಿನ ಪೆದ್ದುತನವೋ, ಅಥವಾ ಮತ್ತೇನೋ? ಅವಳು ಅವರ ಮುಖ ನೋಡಿದಳು. ಅಲ್ಲಿ ವಿಭೂತಿಯಲ್ಲದೆ ಬೇರೇನೂ ಇರಲಿಲ್ಲ. ಅವರು ಉಡಿದಾರದಿಂದ ಕೀಲಿ ಬಿಚ್ಚಿ ಅವಳ ಕೈಗಿಟ್ಟು, ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಮಧ್ಯಾಹ್ನದ ಹೊತ್ತಿಗೆ ತಿರುಗಿ ಬಂದಾಗ ಅವರ ಕಂಕುಳಲ್ಲಿ ನ್ಯೂಸ್ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣವಿತ್ತು. ಹತ್ತು ಹೊಸ ಫ್ಲಾಪಿಗಳು, ಒಂದೊಂದಕ್ಕೂ ಲಕೋಟೆ. ಪೊಟ್ಟಣವನ್ನು ಅವಳ ಮುಂದಿಟ್ಟು ಅವರು ಕಾಲು ತೊಳೆಯಲು ಹೋದರು.

ಅರುಣಾ ಬೀರುವಿನ ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಿದಳು. ಒಂದೊಂದೇ ಡಿಸೈನ್ ಹೊಸ ಫ್ಲಾಪಿಗೆ ಇಳಿಯಿತು. ಮಾವಿನ ಅಂಚು, ರುದ್ರಾಕ್ಷಿ ಅಂಚು, ಗೋಪುರದ ಸೆರಗು. ಒಂದೊಂದು ತುಂಬಿದ ಹಾಗೆ ಅವಳು ಅದರ ಕಚ್ಚು ಮುಚ್ಚಿ, ಹೆಸರು ಬರೆದು, ಮೇಜಿನ ಮೇಲೆ ಸಾಲಾಗಿ ಇಟ್ಟಳು. ಆದಿನಾರಾಯಣಪ್ಪ ಪಕ್ಕದ ಸ್ಟೂಲಿನ ಮೇಲೆ ಕೂತು, ಕಾರ್ಡಿನ ಸರ ಎಣಿಸುವವರಂತೆ ಬೆರಳು ಮಡಿಸುತ್ತ ಎಣಿಸಿಕೊಂಡರು. ಇಪ್ಪತ್ಮೂರಕ್ಕೆ ಬೆರಳು ನಿಂತಿತು. ಇಪ್ಪತ್ನಾಲ್ಕನೆಯ ಬೆರಳನ್ನು ಒಮ್ಮೆ ನೋಡಿಕೊಂಡು ಹಾಗೆಯೇ ಬಿಟ್ಟರು.

ಆಗ ವರಲಕ್ಷ್ಮಮ್ಮ ಪೂಜೆಯ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ವಿಭೂತಿ ಇನ್ನೂ ಒದ್ದೆಯಾಗಿತ್ತು.

"ಹೊಸಾವಂತಲ್ಲ ಇವು. ಇವಕ್ಕೂ ಒಂಚೂರು ಹಚ್ಚಿಬಿಡಿ, ಒಳ್ಳೇದಾಗ್ಲಿ."

ಆದಿನಾರಾಯಣಪ್ಪ ಥಟ್ಟನೆ ಎದ್ದು ಮೇಜಿಗೂ ತಟ್ಟೆಗೂ ನಡುವೆ ನಿಂತರು.

"ಆ ಕಡೆ ತಗಂಡೋಗೇ ಅದನ್ನ," ಎಂದರು. ಅರುಣಾಳ ಕಡೆ ಮಾತ್ರ ತಿರುಗಲಿಲ್ಲ.